ಹೆಳವರ ಪುಸ್ತಕದಲ್ಲಿ ಇಲ್ಲದ ಅಜ್ಜಿ

ಮೊನ್ನೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹಾಯುವಾಗ ಕಾದ ಮರಳಿನ ವಾಸನೆ ಬಂತು. ನಮ್ಮ ಅಜ್ಜಿಯ ಸೀರೆ ಒಗೆದು ಒಣಗಿಸಿದ ಮೇಲೂ ಹೀಗೇ ಇರುತ್ತಿತ್ತು...

ಆಕೆ ಅಪ್ಪನ ತಾಯಿ. ಅಜ್ಜ ತೀರಿಕೊಂಡಾಗ ದೊಡ್ಡಪ್ಪನಿಗೆ ಎಂಟು ವರ್ಷ, ಅಪ್ಪ ಇನ್ನೂ ತೊಟ್ಟಿಲಲ್ಲಿ. ಭಟ್ಟಿಯಲ್ಲಿ ಅಕ್ಕಿ ಹುರಿದು ಇಬ್ಬರನ್ನೂ ಸಾಕಿದಳು. ಮುಂಗೈ ತುಂಬ ಬಿಸಿ ಮರಳು ಸಿಡಿದ ಕಲೆಗಳಿದ್ದವು. ಹರಿಹರದಲ್ಲಿ ಮನೆ ಕಟ್ಟಿಸಿದ್ದೂ ಆಕೆಯೇ.

ಸುಗ್ಗಿ ಮುಗಿದ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ, ಎತ್ತಿನ ಮೇಲೆ ಹೆಳವರು ಬರುತ್ತಿದ್ದರು. ಮನೆತನದ ವಂಶಾವಳಿ ಬರೆದಿಟ್ಟುಕೊಂಡು ಮನೆ ಮುಂದೆ ಕೂತು ಓದಿ ಹೇಳುವುದು ಅವರ ಕಸುಬು. ಅಜ್ಜಿ ಮೊರದ ತುಂಬ ಜೋಳ ತಂದು ಸುರಿದು, ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಕೊನೆಯ ಹೆಸರು ಮುಗಿಯುವವರೆಗೆ ಕದಲುತ್ತಿರಲಿಲ್ಲ. ಯಾಕೆಂದು ನಾನು ಕೇಳಿದವಳೇ ಅಲ್ಲ.

ದಾವಣಗೆರೆ ಜಿಲ್ಲೆಯಾದ ಮರುವರ್ಷ ಅಜ್ಜಿ ತೀರಿಕೊಂಡಳು. ಆಕೆಯ ಬಗ್ಗೆ ನಾಲ್ಕು ಸಾಲು ಬರೆದಿಡೋಣವೆಂದು ಕಾಗದಪತ್ರ ಹುಡುಕಿದೆ. ವೋಟರ್ ಪಟ್ಟಿಯಲ್ಲಿ ಹೆಸರಿನ ಮುಂದೆ ಇಂಥವರ ಹೆಂಡತಿ ಎಂದಷ್ಟೇ ಇತ್ತು, ವಯಸ್ಸು ಅಂದಾಜಿನದು. ಭಟ್ಟಿಯಲ್ಲಂತೂ ಕೆಲಸದವರ ಹೆಸರು ಬರೆದಿಡುವ ಪದ್ಧತಿಯೇ ಇರಲಿಲ್ಲ. ಉಳಿದದ್ದು ಹೆಳವರ ಪುಸ್ತಕ. ಅವರು ದೊಡ್ಡಪ್ಪನ ಮನೆಗೆ ಬಂದಿದ್ದಾರೆಂದು ತಿಳಿದು ಹರಿಹರದ ಬಸ್ಸು ಹತ್ತಿದೆ.

ಮುದುಕ ಹೆಳವರು ಕಂಬಳಿಯ ಮೇಲೆ ಕೂತು ಓದಿದರು. ಕುಕ್ಕುವಾಡದಿಂದ ಬಂದ ಮೂಲಪುರುಷ, ಅವನ ಮಕ್ಕಳು, ಮೊಮ್ಮಕ್ಕಳು, ಅಜ್ಜ, ದೊಡ್ಡಪ್ಪ, ಅಪ್ಪ, ನನ್ನ ತಮ್ಮ... ಅಜ್ಜನ ಹೆಸರಿನ ಮುಂದೆ ‘ಹರಿಹರದಲ್ಲಿ ಮನೆ ಕಟ್ಟಿಸಿದವನು’ ಎಂದಿತ್ತು. ಆ ಮನೆಗೆ ಪಾಯ ತೋಡುವ ಹೊತ್ತಿಗೆ ಅಜ್ಜ ಸತ್ತು ಒಂಬತ್ತು ವರ್ಷವಾಗಿತ್ತು!

“ಇದನ್ನ ಯಾರ್ರಿ ಬರೆಸಿದ್ದು?” ಎಂದೆ. ಹೆಳವರು ದೊಡ್ಡಪ್ಪನ ಮುಖ ನೋಡಿದರು.

“ನಾನೇ, ಮನೆ ಆದ ಹೊಸದ್ರಾಗ. ಮನೆ ಅಂದ್ಮೇಲೆ ಗಂಡಸಿನ ಹೆಸರಿಗೆ ಇರ್ಬೇಕಲ್ಲ,” ಎಂದರು ದೊಡ್ಡಪ್ಪ.

“ಸತ್ತೋರು ಎದ್ದು ಬಂದು ಕಟ್ಟಿಸಿದ್ರಾ? ಅಜ್ಜಿ ಹೆಸರು ಹಾಕಿಸ್ರಿ ದೊಡ್ಡಪ್ಪ.”

“ನಾಕಕ್ಷರ ಕಲಿತು ಬಂದ್ಲು ನೋಡ್ರಿ, ನಮ್ಮ ವಂಶ ತಿದ್ದಾಕೆ! ಹೆಣ್ಮಕ್ಕಳ ಹೆಸರು ಬರೆಸೋದು ನಮ್ಮಲ್ಲಿ ಐತೇನು? ಬ್ಯಾಡ, ಸುಮ್ನಿರು.”

ಹೆಳವರು ನನ್ನ ಕಡೆ ತಿರುಗಿದರು. “ಆಯಮ್ಮನ ಜೋಳ ಉಂಡೀನಿ ತಾಯಿ, ಇಲ್ಲ ಅನ್ನಂಗಿಲ್ಲ. ಆದ್ರೆ ಮನೆ ಹಿರೇರು ಹೂಂ ಅನ್ನದೆ ಒಂದಕ್ಷರ ಕೂಡ್ಸಂಗಿಲ್ಲ.” ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದರು.

ಆ ಸಿಟ್ಟು ಇನ್ನೂ ಇಳಿದಿಲ್ಲ. ಹೊರಗಿನವರು ಮರೆತಿದ್ದರೆ ಆ ಮಾತು ಬೇರೆ. ಆಕೆ ಹುರಿದ ಅಕ್ಕಿಯಿಂದ ಬೆಳೆದ ಮಗ, ಆಕೆ ಬಾಗಿಲ ಹಿಂದೆ ಜೀವಂತ ನಿಂತಿರುವಾಗಲೇ, ಆಕೆ ಕಟ್ಟಿದ್ದನ್ನು ಸತ್ತವರ ಹೆಸರಿಗೆ ಬರೆಸಿದ್ದ. ಅದನ್ನು ಪ್ರತಿ ಸಲವೂ ಕೇಳಿಸಿಕೊಂಡು, ಮುಂದಿನ ಸಲಕ್ಕೂ ಆಕೆ ಜೋಳ ತೆಗೆದಿಟ್ಟಳು. ತನ್ನ ಹೆಸರು ಬಂದೀತೆಂದು ಕಾಯುತ್ತಿದ್ದಳೇ? ಈಗ ಯಾರನ್ನು ಕೇಳಲಿ...

ದೊಡ್ಡಪ್ಪ, ಅಪ್ಪ ಇಬ್ಬರೂ ಇಲ್ಲ. ಹೋದ ವರ್ಷ ತಮ್ಮನೂ ಹೋದ. ಈ ಸುಗ್ಗಿಗೆ ಆ ಹೆಳವರ ಮಗ ಮೋಟಾರ್ ಸೈಕಲ್ಲಿನಲ್ಲಿ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದ.

“ಮನೆ ಹಿರೇರು ಯಾರದಾರ್ರಿ ಅಕ್ಕಾರೆ?”

“ನಾನೇ,” ಎಂದೆ.

ಅಜ್ಜಿಯ ಹೆಸರು ಹೇಳಿದೆ. ಅಜ್ಜನ ಸಾಲಿನಲ್ಲಿದ್ದ ಮನೆಯ ಮಾತನ್ನು ಹೊಡೆದುಹಾಕಿಸಿ ಆಕೆಯ ಹೆಸರಿನ ಮುಂದೆ ಬರೆಸಿದೆ. ಗಟ್ಟಿಯಾಗಿ ಓದೆಂದೆ. ಆತ ಓದಿದ.

ತಿರುಗಿ ಬಾಗಿಲ ಹಿಂದೆ ನೋಡಿದೆ. ಖಾಲಿ ಮೊರವೊಂದು ಗೋಡೆಗೆ ಒರಗಿತ್ತು.