ಬ್ರೇಕಿನ ಮೇಲಿನ ಕಾಲು

ಮಾತಾಡುವವರ ಮುಖ ಬಿಟ್ಟು ಕಾಲನ್ನೇ ನೋಡುತ್ತೇನೆಂದು ಮೊಮ್ಮಕ್ಕಳು ನೀವು ನಗುತ್ತೀರಿ. ಮೊದಲು ಅದು ನಾಚಿಕೆಯಿಂದ ಬಂದ ಚಾಳಿ. ಆಮೇಲೆ ಹೆದರಿಕೆಯಿಂದ ಉಳಿಯಿತು.

ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ದಿನಗಳವು. ನಿಮ್ಮಪ್ಪ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ರಾಣೆಬೆನ್ನೂರಿಗೆ ಬರುವಾಗ, ನಿಂತಿದ್ದ ಟ್ರ್ಯಾಕ್ಟರಿಗೆ ಅವನು ಓಡಿಸುತ್ತಿದ್ದ ವ್ಯಾನು ಗುದ್ದಿತು. ಆ ವ್ಯಾನಿಗೆ ಮುಂದೆ ಚಾಚಿದ ಮೂತಿಯೇ ಇರಲಿಲ್ಲ. ಡ್ರೈವರನ ಕಾಲೇ ಅದರ ಮೂತಿ. ರಸ್ತೆಯೆಲ್ಲ ಕೆಂಪಾಗಿತ್ತಂತೆ. ಓಡಿ ಬಂದವರು ಮುಟ್ಟಿ ನೋಡಿದರೆ ಬರೀ ಮೆಣಸಿನಕಾಯಿ, ರಕ್ತದ ಹನಿಯೂ ಇಲ್ಲ. ಅದಕ್ಕೇ ನಾವು ಮೋಸಹೋದೆವು.

ಎಲುಬು ಮುರಿದರೆ ಆಸ್ಪತ್ರೆಗೆ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಹೊಳೆದಂಡೆಯ ಊರಿನಿಂದ ಎಲುಬು ಕಟ್ಟುವವರು ಬಂದು, ಮುರಿದ ಬಲಗಾಲಿಗೆ ಕರಿ ಔಷಧ ಮೆತ್ತಿ, ಬಿದಿರಿನ ದಬ್ಬೆಯಿಟ್ಟು ಬಿಗಿದರು. ಮರುದಿನ ಮಧ್ಯಾಹ್ನಕ್ಕೆ ನೋವೇ ಇಲ್ಲ. ನಿಮ್ಮಜ್ಜ ತೀರಿಕೊಂಡ ಮೇಲೆ ಮನೆಗೆ ಹಿರಿಯರೆಂದರೆ ಅವರ ಅಣ್ಣ, ನನ್ನ ಭಾವ. ಔಷಧ ಹಿಡಿಯಿತೆಂದು ಅವರು ನೆಮ್ಮದಿಯಿಂದ ಚಹಾ ಕುಡಿದರು. ಬೆರಳು ಕಪ್ಪಾದದ್ದು ಔಷಧದ ಬಣ್ಣವೆಂದು ನಾನೂ ನಂಬಿದೆ.

ಆಗ ನಿಮ್ಮಪ್ಪ ಸಣ್ಣ ದನಿಯಲ್ಲಿ ಕರೆದ. "ಯವ್ವಾ, ಕಾಲು ಇನ್ನೂ ಬ್ರೇಕಿನ ಮ್ಯಾಲ ಐತಿ. ಒತ್ತಾಕತ್ತೇನಿ, ಗಾಡಿ ನಿಂದ್ರವಲ್ದು. ತಗೀ ಬೇ."

ಹೊದಿಕೆ ಸರಿಸಿದೆ. ಕಾಲು ಮಿಸುಕದೆ ಬಿದ್ದಿತ್ತು. ಮಗ ಹಾಸಿಗೆಯಲ್ಲಿ, ಅವನ ಕಾಲು ಮಾತ್ರ ಇನ್ನೂ ಆ ರಸ್ತೆಯಲ್ಲಿ ಎನಿಸಿತು. ಒದ್ದೆ ಬಟ್ಟೆಯಿಂದ ಹೆಬ್ಬೆರಳು ಒರೆಸಿದೆ. ಬಟ್ಟೆ ಬೆಳ್ಳಗೇ ಉಳಿಯಿತು. ಬೆರಳು ಕಪ್ಪಗೇ ಉಳಿಯಿತು, ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗೆ.

ಭಾವನ ಎದುರು ಅದುವರೆಗೆ ನಾನು ಬಾಯಿ ಬಿಟ್ಟವಳಲ್ಲ. ಕತ್ತರಿ ತಂದೆ.

"ಕಟ್ಟು ಬಿಚ್ಚಿದ್ರ ಕಾಲು ಹೋಗ್ತೈತಿ, ನೋಡವ್ವಾ," ಅಂದರು.

"ಹೋಗಾಕತ್ತೈತ್ರಿ ಭಾವಾರ. ಮುಟ್ಟಿ ನೋಡ್ರಿ."

ಮುಟ್ಟಿದರು. ನಾನು ಕಟ್ಟು ಕತ್ತರಿಸುವಷ್ಟರಲ್ಲಿ ಜೀಪು ತರಲು ಓಡಿದವರೂ ಅವರೇ.

ಬಿಗಿದ ಕಟ್ಟು ರಕ್ತದ ದಾರಿ ಮುಚ್ಚಿತ್ತು ಎಂದರು ಹಾವೇರಿಯ ಡಾಕ್ಟರು. ಗುದ್ದುವ ಗಳಿಗೆಯಲ್ಲಿ ಡ್ರೈವರು ಮೈಬಲವೆಲ್ಲ ಹಾಕಿ ಬ್ರೇಕು ಒತ್ತುತ್ತಾನಂತೆ. ಗಾಡಿಯ ಪೆಟ್ಟೆಲ್ಲ ಅದೇ ಪಾದದಿಂದ ಮೇಲೇರುತ್ತದಂತೆ. ಬ್ರೇಕು ಕಾಪಾಡುವ ವಸ್ತುವೆಂದು ನಾನು ತಿಳಿದಿದ್ದೆ. ನಿಲ್ಲಿಸಲು ಹೆಣಗಿದ ಕಾಲೇ ಮುರಿಯುವುದೆಂದರೆ ಇದೆಂಥ ನ್ಯಾಯ?

ಎರಡು ಬೆರಳು ತೆಗೆದರು. ಪಾದ ಉಳಿದೀತೆಂದು ಈಗಲೇ ಹೇಳಲಾರೆವು ಎಂದರು. ಪಾದಕ್ಕೆ ಜೀವವಿದೆಯೇ ಎಂದು ದಿನವೂ ಸೂಜಿ ಚುಚ್ಚಿ ನೋಡುವರು. ನಿಮ್ಮಪ್ಪನಿಗೆ ಗೊತ್ತೇ ಆಗದು. ಚಾವಣಿಯತ್ತ ಕಣ್ಣು ನೆಟ್ಟು, ಗಾಡಿ ಇನ್ನೂ ನಿಂತಿಲ್ಲ ಅನ್ನುವನು.

ಐದನೆಯ ದಿನ ಸೂಜಿ ತಾಗಿದ್ದೇ ತಡ, ಡಾಕ್ಟರಿಗೆ ಎಂಥ ಬೈಗುಳ ಬೈದನೆಂದರೆ ವಾರ್ಡೆಲ್ಲ ತಿರುಗಿ ನೋಡಿತು. ಆ ಮಾತು ಮಕ್ಕಳಿಗೆ ಬರೆಯುವಂಥದಲ್ಲ. ಆದರೆ ನನ್ನ ಕಿವಿಗೆ ಅಷ್ಟು ಇಂಪಾದದ್ದು ಮತ್ತೊಂದು ಬಿದ್ದಿಲ್ಲ.