ಮಿಂಚಕ್ಕ ಬಣ್ಣ ಹೊಡೆಯದ ಪಂಪು

ಅವಳ ನಿಜವಾದ ಹೆಸರು ಗಂಡನಿಗೂ ತಟ್ಟನೆ ನೆನಪಾಗುವುದಿಲ್ಲ. ಬಸ್ಸು, ಕಾರು, ಸ್ಕೂಟರುಗಳಿಗೆ ಬಣ್ಣ ಹೊಡೆಯುವ ಅವಳನ್ನು ಬೀದಿಯವರೆಲ್ಲ ಕರೆಯುವುದು ಮಿಂಚಕ್ಕ ಎಂದು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಗ್ಯಾರೇಜಿನ ಪೇಂಟರು ಒಂದು ಬಸ್ಸಿಗೆ ಅರ್ಧ ಬಣ್ಣ ಹೊಡೆದು, ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೊರಟುಹೋಗಿದ್ದ. ಉಳಿದ ಅರ್ಧವನ್ನು ಹೊಡೆದವಳು ಇವಳು. ಮಾಲೀಕ ಬಂದು ಬಸ್ಸನ್ನು ಸುತ್ತು ಹಾಕಿ ನೋಡಿ, “ಈ ಕಡೆ ಹೊಡೆದವರ ಕೈಲೇ ಆ ಕಡೇನೂ ಇನ್ನೊಂದ್ಸಲ ಹೊಡೆಸಿಬಿಡಿ” ಎಂದ. ಅಂದಿನಿಂದ ಗ್ಯಾರೇಜಿನ ಹಿಂದಿನ ಶೆಡ್ಡು ಅವಳದಾಯಿತು.

ಥಿನ್ನರಿನ ವಾಸನೆ, ಬಾಗಿಲಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಹಾಳೆ, ಧೂಳು ಏಳದಿರಲೆಂದು ನೀರು ಚಿಮುಕಿಸಿದ ನೆಲ. ಅಲ್ಲಿಗೆ ಹೋದದ್ದು ಹಳೆಯದಾಗಿ ಹೊರಗೆ ಬಂದ ಉದಾಹರಣೆಯಿಲ್ಲ. ಬಣ್ಣ ಮಿಕ್ಕಿದರೆ ಅಡುಗೆಮನೆಯ ಸ್ಟೂಲಿಗೂ ಒಂದು ಕೋಟು ಬೀಳುತ್ತಿತ್ತು. “ಸ್ವಲ್ಪ ಹೊತ್ತು ಸುಮ್ನೆ ಕೂರೋಕೂ ಭಯ, ನನಗೂ ಪ್ರೈಮರ್ ಹೊಡೆದುಬಿಡ್ತಾಳೆ” ಎಂದು ಗಂಡ ಗಿರಾಕಿಗಳ ಮುಂದೆ ಹೇಳುತ್ತಿದ್ದ.

ಅಂಥವಳ ಕೈಗೆ ಒಂದು ದಿನ ಮಾವನವರ ಪೆಟ್ರೋಲ್ ಪಂಪು ಬಂತು. ಮಾವ ಬದುಕಿದ್ದಾಗ ಹೆದ್ದಾರಿಯ ತಿರುವಿನಲ್ಲಿ ಒಂದು ಬಂಕ್ ನಡೆಸುತ್ತಿದ್ದರು. ಅದನ್ನು ಕೊಂಡವರು ಈಗ ಹಿಂದಿನ ಗೋದಾಮು ಕೆಡವುತ್ತಿದ್ದರು. “ನಿಮ್ಮ ತಂದೆಯವರ ಕಾಲದ ಪಂಪೊಂದು ಮೂಲೇಲಿ ನಿಂತಿದೆ, ಬೇಕಾದ್ರೆ ತಗೊಂಡ್ಹೋಗಿ, ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ” ಎಂದು ಗಂಡನಿಗೆ ಫೋನ್ ಮಾಡಿದರು.

ಗ್ಯಾರೇಜಿನ ಮುಂದೆ ಇಳಿದಾಗ ಅದು ಅಜ್ಜನೊಬ್ಬ ಬಂದು ನಿಂತ ಹಾಗಿತ್ತು. ಆಳೆತ್ತರದ ಕಬ್ಬಿಣದ ಮೈ, ತಲೆಯ ಮೇಲೆ ದಪ್ಪ ಗಾಜಿನ ಉದ್ದನೆಯ ಜಾಡಿ, ಪಕ್ಕದಲ್ಲೊಂದು ಹಿಡಿಕೆ. ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿದರೆ ನೆಲದೊಳಗಿನ ಪೆಟ್ರೋಲು ಮೇಲೇರಿ ಜಾಡಿ ತುಂಬಬೇಕು. ಎಷ್ಟು ತುಂಬಿತೆಂದು ಗಿರಾಕಿ ಕಣ್ಣಾರೆ ಕಂಡ ಮೇಲೆ ನಲ್ಲಿ ತಿರುಗಿಸಿ ಗಾಡಿಗೆ ಬಿಡಬೇಕು. ಈಗ ಅದರ ಮೈತುಂಬ ಗ್ರೀಸು, ಜೇಡರ ಬಲೆ.

“ಕೆಂಪು ಹೊಡೀತೀನಿ. ಬೀದಿ ತುದೀಲಿ ನಿಂತವರಿಗೂ ಕಣ್ಣು ಕುಕ್ಕಬೇಕು” ಎಂದು ಮಿಂಚಕ್ಕ ಸೀರೆಯ ಸೆರಗು ಸಿಕ್ಕಿಸಿದಳು.

ಉಪ್ಪುಕಾಗದ ಹಿಡಿಯುವ ಮೊದಲು ಸೋಪಿನ ನೀರಲ್ಲಿ ತೊಳೆಯುವುದು ಅವಳ ಪದ್ಧತಿ. ತೊಳೆಯುತ್ತ ಹೋದಂತೆ ಕಪ್ಪು ಜಿಡ್ಡಿನ ಕೆಳಗಿನಿಂದ ಮಾಗಿದ ಕೆಂಪು ಬಣ್ಣ ಕಂಡಿತು. ಇನ್ನೂ ತಿಕ್ಕಿದಾಗ ಬಿಳಿಯ ಅಕ್ಷರಗಳು ಹೊರಬಂದವು. ಮೊದಲ ಅಕ್ಷರ ಅಂಗೈಯಷ್ಟು ದೊಡ್ಡದು, ಬರುಬರುತ್ತ ಒಂದಕ್ಕೊಂದು ಒತ್ತಿಕೊಂಡು ಸಣಕಲಾಗಿದ್ದವು. ‘ಬೆಂಕಿ ತರಬೇ’ ಎನ್ನುವಷ್ಟರಲ್ಲಿ ಜಾಗ ಮುಗಿದು, ‘ಡಿ’ ಒಂದೇ ಕೆಳಸಾಲಿಗೆ ಇಳಿದು ಕೂತಿತ್ತು.

ಅವಳು ಕೂತಲ್ಲೇ ನಕ್ಕಳು. “ಯಾವ ಪುಣ್ಯಾತ್ಮ ಬರೆದಿದ್ದೋ. ಅಳತೆ ಇಲ್ಲ, ಗೆರೆ ಇಲ್ಲ, ಧೈರ್ಯ ಮಾತ್ರ ಬೇಕಾದಷ್ಟಿದೆ.”

“ನಾನೇ” ಎಂದರು ಹಿಂದಿನಿಂದ ಅತ್ತೆ.

ಸೊಸೆಯ ಕೈಯ ಸ್ಪಂಜು ಬಕೆಟ್ಟಿಗೆ ಬಿತ್ತು. ಅತ್ತೆ ಮುಖ ಸಿಂಡರಿಸಿಕೊಂಡು ಹೇಳಿದರು: “ಬೋರ್ಡು ಬರೆಯೋನು ಬರ್ತೀನಿ ಬರ್ತೀನಿ ಅಂತ ಸತಾಯಿಸ್ತಿದ್ದ. ನಿಮ್ಮ ಮಾವನಿಗೆ ದಿನಾ ಊಟ ತಗೊಂಡು ಹೋಗ್ತಿದ್ದವಳು ಒಂದಿನ ನಾನೇ ಕುಂಚ ತಗೊಂಡೆ. ಆಮೇಲೆ ಆ ಡ್ರೈವರುಗಳು ನನ್ನ ಬಿಡಬೇಕಲ್ಲ. ‘ತರಬೇ’ ಅಂತ ಅರ್ಧಕ್ಕೆ ನಿಲ್ಸಿದ್ದೀರಿ, ನಾವು ‘ಕು’ ಸೇರಿಸ್ಕೊಂಡು ಬೆಂಕಿ ತಂದುಬಿಟ್ಟೆವು ಅಂತ ಬೆಂಕಿಪೊಟ್ಟಣ ತೋರಿಸೋರು. ಸಾಕಾಗಿಹೋಗಿತ್ತು. ಚೆನ್ನಾಗಿ ಉಜ್ಜು, ಒಂದು ಅಕ್ಷರ ಉಳಿಯಬಾರದು.”

ಉಜ್ಜುವುದಕ್ಕೇ ಹುಟ್ಟಿದ ಕೈ ಅಂದು ಮೇಲೇಳಲಿಲ್ಲ. “ಅತ್ತೆ, ಇದನ್ನ ಹೀಗೇ ಬಿಡೋಣ. ನನ್ನ ಹತ್ರ ಇರೋ ಯಾವ ಬಣ್ಣಕ್ಕೂ ಈ ಕಳೆ ಬರಲ್ಲ.”

“ಊರಿನ ಗಾಡಿಗೆಲ್ಲ ಹೊಸ ಮೈ ಕೊಡ್ತೀಯ, ಮನೆ ಪಂಪಿಗೆ ಮಾತ್ರ ಕೈ ಬರಲ್ವಾ?”

ಊಟಕ್ಕೆ ಕೂತಾಗಲೂ ಅದೇ ಮಾತು ನಡೆಯಿತು. ಗಂಡ ಇಬ್ಬರ ಮುಖವನ್ನೂ ನೋಡದೆ ಅನ್ನ ಕಲಸುತ್ತಿದ್ದ. ಕೊನೆಗೆ, “ಮೈ ವಿಷಯ ನೀವಿಬ್ಬರೂ ನೋಡ್ಕೊಳ್ಳಿ, ನಾನು ಹೊಟ್ಟೆ ರಿಪೇರಿ ಮಾಡ್ತೀನಿ” ಎಂದು ಎದ್ದುಹೋಗಿ ಪಂಪಿನ ಒಳಭಾಗ ಬಿಚ್ಚಿದ. ಒಳಗಿನ ಚರ್ಮದ ವಾಷರು ಒಣಗಿ ಹಪ್ಪಳವಾಗಿತ್ತು. ಬೀದಿಯ ಚಪ್ಪಲಿ ಹೊಲಿಯುವವರು ಅದೇ ಅಳತೆಯ ಹೊಸದೊಂದನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೊಟ್ಟರು.

ಮಿಂಚಕ್ಕನಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಪಂಪು ಅತ್ತೆಯ ಗಂಡನದು, ಅಕ್ಷರ ಅತ್ತೆಯದು. ಬೇಡವೆನ್ನಲು ತಾನು ಯಾರು? ಮನಸ್ಸಿಲ್ಲದ ಮನಸ್ಸಿನಿಂದ ಕೆಂಪು ಬಣ್ಣ ಕಲಸಿ ಸ್ಪ್ರೇ ಗನ್ನಿಗೆ ತುಂಬಿದಳು. ಅಷ್ಟರಲ್ಲಿ ಬಾಗಿಲು ಜಜ್ಜಿಹೋದ ಕಾರು ತಗೊಂಡು ಮುದುಕರೊಬ್ಬರು ಬಂದರು. ಹಿಂದೆ ಲಾರಿ ಓಡಿಸುತ್ತಿದ್ದವರು. ಬಾಗಿಲು ತೋರಿಸಲು ಬಗ್ಗಿದವರು ಹಾಗೇ ತಿರುಗಿ ಪಂಪಿನ ಮುಂದೆ ನಿಂತರು.

“ಬೆಂಕಿ ತರಬೇ...” ಎಂದು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದು ಇನ್ನೂ ಇದೆಯಾ? ಇದಕ್ಕೋಸ್ಕರ ನಾವು ದಾರೀಲಿದ್ದ ಬೇರೆ ಬಂಕ್ ಬಿಟ್ಟು ಆ ತಿರುವಿನ ಬಂಕಿಗೇ ಹೋಗ್ತಿದ್ದೆವು ತಾಯಿ. ಎಲ್ಲ ಡ್ರೈವರೂ ಆ ಅಮ್ಮನ್ನ ರೇಗಿಸೋರು. ಆ ಅಮ್ಮ ಏನಂತಿದ್ರು ಗೊತ್ತಾ?”

ಅವರು ಹೇಳುವ ಮೊದಲೇ ಕಿಟಕಿಯಿಂದ ಅತ್ತೆಯ ದನಿ ಬಂತು. “ಉಳಿದ ಅಕ್ಷರ ಕೆಳಗಿದೆ, ತಲೆ ಬಗ್ಗಿಸಿ ಓದಿ.”

ಮುದುಕರು ಕಿಟಕಿಯ ಕಡೆ ತಿರುಗಿ ನಿಜವಾಗಿಯೂ ತಲೆ ಬಗ್ಗಿಸಿದರು. ಅತ್ತೆ ಹೊರಗೆ ಬಂದರು. “ಏನು, ನನ್ನ ಅಕ್ಷರ ನೋಡಿ ನಗೋಕೇ ಬರ್ತಿದ್ರಾ ನೀವೆಲ್ಲ?”

“ನಗೋಕಲ್ಲಮ್ಮ, ಬೈಸ್ಕೊಳ್ಳೋಕೆ. ದಿನವಿಡೀ ಸ್ಟೇರಿಂಗ್ ಹಿಡಿದೋನ ಜತೆ ಯಾರು ಮಾತಾಡ್ತಾರೆ ಹೇಳಿ. ನಿಮ್ಮ ಹತ್ರ ಎರಡು ಮಾತು ಬೈಸ್ಕೊಂಡ್ರೆ ಮುಂದಿನ ಘಟ್ಟದ ತನಕ ನಿದ್ದೆ ಬರ್ತಿರ್ಲಿಲ್ಲ.”

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಆದರೆ ಭುಜ ಕುಲುಕುವುದು ಕಾಣುತ್ತಿತ್ತು. ಮುದುಕರು ಕಾರು ಬಿಟ್ಟು ಹೋದ ಮೇಲೆ ಅತ್ತೆ ಸೊಸೆಯ ಕೈಯಿಂದ ಗನ್ನನ್ನು ತೆಗೆದು ಬೆಂಚಿನ ಮೇಲಿಟ್ಟರು. “ಇರಲಿ ಬಿಡು. ಆದ್ರೆ ತುಕ್ಕು ಮಾತ್ರ ಮುಂದಕ್ಕೆ ಹೋಗಬಾರದು ನೋಡು.”

ಮಿಂಚಕ್ಕ ಅಂಥ ಕೆಲಸ ಹಿಂದೆಂದೂ ಮಾಡಿರಲಿಲ್ಲ. ಎದ್ದ ಬಣ್ಣದ ಹೊಪ್ಪಳೆಗಳನ್ನು ಸಣ್ಣ ಕುಂಚದಿಂದ ಅಂಟಿಸಿದಳು, ತುಕ್ಕಿಗೆ ಹತ್ತಿಯಿಂದ ಎಣ್ಣೆ ಮುಟ್ಟಿಸಿದಳು, ಮೇಲೆ ತೆಳ್ಳಗೆ ಮೇಣ ಸವರಿದಳು. ಹೊಳಪು ಬರುವಂತೆ ಕಂಡಾಗಲೆಲ್ಲ ಕೈ ತಾನಾಗಿಯೇ ಜೋರಾಗಿ ತಿಕ್ಕಲು ಹೊರಡುತ್ತಿತ್ತು, ಹಿಡಿದು ನಿಲ್ಲಿಸಬೇಕಾಗುತ್ತಿತ್ತು. “ಏನೂ ಮಾಡ್ದೆ ಬಿಡೋಕೆ ಇಷ್ಟು ಕೆಲಸ ಇದೆ ಅಂತ ಗೊತ್ತಿರ್ಲಿಲ್ಲ” ಎಂದು ಗಂಡನ ಹತ್ತಿರ ಹೇಳಿಕೊಂಡಳು. ಆದರೂ ಸಂಜೆ ಶೆಡ್ಡಿನ ಬಾಗಿಲು ಹಾಕುವ ಮುನ್ನ ದೂರ ನಿಂತು ನೋಡುವಾಗ, ಹೊಸ ಬಸ್ಸು ಹೊರಟಾಗ ಆಗುವುದಕ್ಕಿಂತ ಹೆಚ್ಚಿನ ಖುಷಿ ಅವಳಿಗಾಗುತ್ತಿತ್ತು.

ಪಂಪನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, ಅದರ ಕೊಳವೆಯನ್ನು ನೀರಿನ ಡ್ರಮ್ಮಿಗೆ ಇಳಿಬಿಟ್ಟರು. ಹಿಡಿಕೆಗೆ ಮಿಂಚಕ್ಕನ ಗಂಡ ಕೈ ಹಾಕಿದಾಗ ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿದರು. ಮೊದಲು ಬರೀ ಗೊರಗೊರ ಸದ್ದು. ಆಮೇಲೆ ಗಾಜಿನ ತಳದಲ್ಲಿ ನೀರು ಕುಣಿಯಿತು, ಮೇಲೇರತೊಡಗಿತು. ಬೀದಿಯವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಜಾಡಿ ತುಂಬುವಷ್ಟರಲ್ಲಿ ಒಂದು ಜೋಡಣೆ ಬಿಚ್ಚಿಕೊಂಡು ನೀರು ಗಂಡನ ಮುಖಕ್ಕೆ ಚಿಮ್ಮಿತು.

“ಇವತ್ತು ಸ್ನಾನ ಆಗಿರ್ಲಿಲ್ಲ, ಒಳ್ಳೇದೇ ಆಯ್ತು” ಎಂದಳು ಮಿಂಚಕ್ಕ.

ಅವನು ಒದ್ದೆ ಮುಖದಲ್ಲೇ ಸ್ಪಾನರ್ ಹುಡುಕುತ್ತ ಓಡಿದ. ಅತ್ತೆ ಹಿಡಿಕೆ ಬಿಡಲಿಲ್ಲ. ತೊಳೆಸಲು ತಂದು ನಿಲ್ಲಿಸಿದ್ದ ಸ್ಕೂಟರಿನ ಒಡೆಯನಿಗೆ ಬಕೆಟ್ ತರಲು ಕೂಗಿ ಹೇಳಿ, ಇನ್ನೊಂದು ಕೈಯಿಂದ ನಲ್ಲಿ ತಿರುಗಿಸಿದರು.