ಪೋಪರ ಶೋಕಸಭೆಯಲ್ಲಿ ಇನ್ನಾಸಪ್ಪ

ಪೋಪ್ ಫ್ರಾನ್ಸಿಸ್ ಬದುಕಿದ್ದಷ್ಟು ದಿನ ಅಟ್ಲಾಂಟಾ ಪಕ್ಕದ ಕಮ್ಮಿಂಗ್ ಊರಿನ ಇನ್ನಾಸಪ್ಪನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಬೆಂಗಳೂರಿನ ಕನ್ನಡ ಕ್ರೈಸ್ತರ ಮನೆಯಲ್ಲಿ ಹುಟ್ಟಿ, ಅಟ್ಲಾಂಟಾದ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿ, ಐದು ಬೆಡ್‌ರೂಮಿನ ಮನೆ ಮಾಡಿಕೊಂಡಿದ್ದವನು. ರೋಮಿನಲ್ಲಿರುವ ಪೋಪ್ ವಲಸೆ ಬಂದವರನ್ನು ಸೇರಿಸಿಕೊಳ್ಳಿ, ಬಡವರ ಕಡೆ ನೋಡಿ ಎಂದರೆ ಇವನಿಗೆ ಮೈ ಉರಿಯುತ್ತಿತ್ತು. ತಾನೂ ವಲಸೆ ಬಂದವನೇ ಎಂಬುದು ಗ್ರೀನ್ ಕಾರ್ಡ್ ಕೈಗೆ ಬಂದ ದಿನವೇ ಮರೆತುಹೋಗಿತ್ತು.

"ಪೋಪ್ ಅಂದ್ರೆ ಪೋಪ್ ಥರ ಇರ್ಬೇಕು ಕಣ್ರೀ. ಅರಮನೆ ಬಿಟ್ಟು ಗೆಸ್ಟ್ ಹೌಸಲ್ಲಿ ಇರೋದಂದ್ರೇನು? ಕ್ಲಾಸೇ ಇಲ್ಲ" ಎನ್ನುತ್ತಿದ್ದ. ಹೆಂಡತಿ ರೀಟಮ್ಮ ಕೇಳಿಸಿಕೊಳ್ಳುತ್ತಲೇ ಪಾತ್ರೆ ತೊಳೆಯುತ್ತಿದ್ದಳು.

ಈಸ್ಟರ್‌ಗೆ ಮುಂಚಿನ ಗುರುವಾರ ಚರ್ಚಿನಲ್ಲಿ ಪಾದ್ರಿಗಳು ವಿನಯದ ಗುರುತಾಗಿ ಹನ್ನೆರಡು ಜನರ ಕಾಲು ತೊಳೆಯುವುದುಂಟು. ಹೆಂಗಸರ ಕಾಲನ್ನೂ ತೊಳೆಯಬಹುದೆಂದು ನಿಯಮ ಬದಲಿಸಿದವರು ಇದೇ ಪೋಪ್. ಒಂದು ವರ್ಷ ಇನ್ನಾಸಪ್ಪನನ್ನೂ ಆರಿಸಿದ್ದರು. ಆತ ಹಿಂದಿನ ದಿನವೇ ಸಲೂನಿಗೆ ಹೋಗಿ ಹಿಮ್ಮಡಿ ಉಜ್ಜಿಸಿಕೊಂಡು, ಉಗುರಿಗೆ ಪಾಲಿಶ್ ಕೊಡಿಸಿಕೊಂಡು ಬಂದ. ಅಂಥ ಭಕ್ತ! ಪಕ್ಕದ ಕುರ್ಚಿಯಲ್ಲಿ ಚರ್ಚಿನ ನೆಲ ಒರೆಸುವ ಗ್ವಾಟೆಮಾಲಾದ ಹೆಂಗಸು ಬಂದು ಕೂತದ್ದೇ ತಡ, ಒಂದು ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊರನಡೆದ.

ಎರಡು ಸಾವಿರದ ಇಪ್ಪತ್ತೈದರ ಈಸ್ಟರ್ ಮರುದಿನ ಪೋಪ್ ತೀರಿಕೊಂಡರು. ಸಂಜೆ ಕನ್ನಡ ಕೂಟದ ಕಾರ್ಯದರ್ಶಿ ಯಾಮಿನಿ ಫೋನ್ ಮಾಡಿದಳು.

"ಅಂಕಲ್, ಸಂಡೇ ಒಂದು ಶೋಕಸಭೆ ಅರೇಂಜ್ ಮಾಡ್ತಿದ್ದೀವಿ. ನಮ್ಗೆ ಗೊತ್ತಿರೋ ಕ್ಯಾಥೊಲಿಕ್ ಅಂದ್ರೆ ನೀವೊಬ್ರೇ. ಪೋಪ್ ಬಗ್ಗೆ ಮಾತಾಡ್ತೀರಾ?"

ಮೈಕ್ ಸಿಗುತ್ತದೆಂದರೆ ಇನ್ನಾಸಪ್ಪ ಯಾರ ಬಗ್ಗೆಯಾದರೂ ಮಾತಾಡಿಯಾನು. ಕ್ಲಬ್‌ಹೌಸಿನಲ್ಲಿ ಸೇರಿದ್ದವರ ಮುಂದೆ ನಿಂತು, "ಆ ಮಹಾನುಭಾವರು ನನಗೆ ತಂದೆ ಸಮಾನ" ಎಂದು ಗದ್ಗದಿತನಾದ. ಅವರ ಸರಳತೆಯನ್ನು ಹೊಗಳಿದ. ಗೆಸ್ಟ್ ಹೌಸನ್ನಂತೂ ಎರಡು ಸಲ ಹೊಗಳಿದ. "ಯಾರಿಗೂ ಬಾಗಿಲು ಹಾಕ್ಬೇಡಿ ಅಂದ್ರು. ಅವ್ರು ಬಿಟ್ಟುಹೋದ ಆಸ್ತಿ ಅದೊಂದೇ. ಅದನ್ನ ಉಳಿಸ್ಕೊಳ್ಳೋದು ನಮ್ಮ ಕೈಲಿದೆ" ಎಂದು ಮುಗಿಸಿದಾಗ ಮುಂದಿನ ಸಾಲಿನಲ್ಲಿದ್ದ ಕೂಟದ ಹಿರಿಯರಾದ ಅನ್ವರ್ ಪಾಷಾ ಕಣ್ಣೊರೆಸಿಕೊಂಡರು.

ಯಾಮಿನಿ ಪಾಪ, ಎಲ್ಲವನ್ನೂ ನಂಬಿಬಿಟ್ಟಳು. ಕಾಫಿಯ ಹೊತ್ತಿಗೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಅವನ ಬಳಿಗೇ ಬಂದಳು.

"ಅಂಕಲ್, ಇವ್ಳು ನಾಯಿಲಾ, ಮೈಸೂರಿನವ್ಳು. ಗಂಡ ಮನೆಯಿಂದ ಆಚೆ ಹಾಕಿದಾನೆ. ಬೇರೆ ಸ್ಟೇಟಲ್ಲಿ, ಡರ್ಹಮ್‌ನಲ್ಲಿರೋ ಇವ್ಳ ಅಣ್ಣ ಫಹಾದ್ ಇಂಡಿಯಾಗೆ ಹೋಗಿದಾನೆ, ಜೂನ್‌ಗೆ ಬರ್ತಾನೆ. ಅಲ್ಲಿವರೆಗೂ ನಿಮ್ಮ ಬೇಸ್‌ಮೆಂಟಲ್ಲಿ ಇರ್ಬಹುದಾ?"

ಇನ್ನಾಸಪ್ಪನ ಬಾಯಲ್ಲಿದ್ದ ಸಮೋಸ ಅಲ್ಲೇ ನಿಂತಿತು. "ಇರ್ಬಹುದಿತ್ತಮ್ಮ, ಆದ್ರೆ ನಮ್ಮ ಬಡಾವಣೆಯ ಕಮ್ಯುನಿಟಿ ರೂಲ್ಸ್ ಭಾರೀ ಸ್ಟ್ರಿಕ್ಟು, ಹೊರಗಿನವ್ರನ್ನ ಇಟ್ಕೊಳ್ಳೋ ಹಾಗಿಲ್ಲ. ಕಾರ್ಪೆಟ್ ಬೇರೆ ಹೊಸದು. ಮತ್ತೆ ನಮ್ಮನೇಲಿ ಪೋರ್ಕ್ ಮಾಡ್ತೀವಿ. ಇವ್ರಿಗೇ ಬೇಜಾರಾಗುತ್ತೆ ಅಂತ ನಂಗೆ ಬೇಜಾರು."

ನಾಯಿಲಾ ವಾಪಸ್ ಹೊರಡಲು ತಿರುಗಿದಳು. ರೀಟಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಪೋರ್ಕ್ ಮಾಡೋಳು ನಾನು. ಮಾಡಲ್ಲ, ಮುಗೀತು. ಬಾಮ್ಮ, ನಿನ್ನ ಬ್ಯಾಗ್ ಎಲ್ಲಿದೆ?"

ಅಷ್ಟು ಜನರ ಮುಂದೆ ಇನ್ನಾಸಪ್ಪ ನಗುತ್ತಲೇ ಬ್ಯಾಗ್ ಎತ್ತಿ ಡಿಕ್ಕಿಯಲ್ಲಿಟ್ಟ. ದಾರಿಯುದ್ದಕ್ಕೂ ಮುಂದಿನ ಕಾರುಗಳಿಗೆಲ್ಲ ಹಾರ್ನ್ ಹೊಡೆಯುತ್ತಾ ಓಡಿಸಿದ. ಮೊದಲ ವಾರ ಮಹಡಿಯ ಮೇಲೆ ಒಬ್ಬನೇ ತಟ್ಟೆ ಹಿಡಿದು ಕೂತು ಉಂಡ. ಅಷ್ಟರಲ್ಲಿ ಕೂಟದ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೋ "ನುಡಿದಂತೆ ನಡೆದ ಅಂಕಲ್" ಎಂದು ಬರೆದರು. ಮರುದಿನವೇ ಕೆಳಗಿಳಿದು ಬಂದು ನಾಯಿಲಾಳನ್ನು "ನಮ್ಮ ಮಗಳು" ಎಂದ. ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ, ಗತಿಯಿಲ್ಲದ ಹೆಣ್ಣಿಗೆ ತಾನು ಆಶ್ರಯ ಕೊಟ್ಟ ಕತೆ ಹೇಳಿದ. ಅದೇ ಮಗಳ ಕೈಯಲ್ಲಿ ಮನೆಯ ಕಸ ಹೊರಗಿಡಿಸಿದ.

ಜೂನಿನಲ್ಲಿ ಫಹಾದ್ ತಂಗಿಯನ್ನು ಕರೆದೊಯ್ಯಲು ಬಂದ. ನಾಯಿಲಾ ರೀಟಮ್ಮನನ್ನು ಬಹಳ ಹೊತ್ತು ತಬ್ಬಿಕೊಂಡಿದ್ದಳು. ಇನ್ನಾಸಪ್ಪ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಫೋನ್ ಹಿಡಿದು ಬಾಗಿಲಲ್ಲಿ ಕಾದಿದ್ದ.

"ಒಂದು ಫೋಟೋ ಅಮ್ಮ, ನೆನಪಿಗೆ."

"ಫೋಟೋ ಬೇಡ ಅಂಕಲ್" ಎಂದು ಆಕೆ ಕಾರು ಹತ್ತಿದಳು. ಆತ ಬಿಡುವವನೇ? ಹೊರಟ ಕಾರಿನ ಹಿಂಭಾಗದ ಫೋಟೋ ತೆಗೆದು ಗ್ರೂಪಿಗೆ ಹಾಕಿದ.

ಬಂದ ಲೈಕುಗಳನ್ನು ಹೆಂಡತಿಗೆ ತೋರಿಸಲೆಂದು ಬೇಸ್‌ಮೆಂಟಿಗೆ ಇಳಿದಾಗ ರೀಟಮ್ಮ ಮಂಚಕ್ಕೆ ಒಗೆದ ಬೆಡ್‌ಶೀಟ್ ಹಾಸುತ್ತಿದ್ದಳು.

"ಯಾಮಿನಿ ಫೋನ್ ಮಾಡಿದ್ಲು. ಇನ್ನೊಬ್ಬಳು ಬರ್ತಾಳೆ. ಜೊತೆಗೆ ಪುಟ್ಟ ಮಗು ಇದೆಯಂತೆ" ಎಂದಳು.

"ಎಷ್ಟು ದಿನಕ್ಕೆ?" ಎಂದ ಇನ್ನಾಸಪ್ಪ.

ರೀಟಮ್ಮ ಬೆಡ್‌ಶೀಟಿನ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು.